ಶೀಟಿನ ಮನೆಗೆ ಒಳಚಾವಣಿ

ಶೀಟಿನ ಮನೆಯಲ್ಲಿ ಬೇಸಿಗೆ ಮಧ್ಯಾಹ್ನ ಕೂರೋಕಾಗಲ್ಲ. ತಲೆ ಮೇಲೆ ಕಾದ ಹಂಚು ಇಟ್ಟಂತೆ. ತೊಟ್ಟಿಲ ಮಗು ಬೆವರಿ ಅಳುತ್ತದೆ. ಅದಕ್ಕೇ ನಾವು ಶೀಟಿನ ಕೆಳಗೆ ಇನ್ನೊಂದು ಚಾವಣಿ ಕಟ್ಟಿಸುತ್ತೇವೆ. ನಡುವೆ ಒಂದು ಗೇಣಾದರೂ ಜಾಗ ಬಿಡಬೇಕು. ಅಲ್ಲಿ ಗಾಳಿ ಆಡಬೇಕು. ಆಗ ಬಿಸಿ ಕೆಳಗಿಳಿಯೋದು ಕಮ್ಮಿ. ಇಲಿ ಸೇರಿಕೊಳ್ಳುತ್ತವೆ, ಅದೂ ನಿಜ. ಸಂದಿಗೆ ಜಾಲರಿ ಹಾಕಿಸೋಣ.

ಯಾವುದು ಒಳ್ಳೇದು? ಥರ್ಮಾಕೋಲ್ ಅಗ್ಗ, ಹಗುರ. ಆದರೆ ಬೆಂಕಿ ತಾಗಿದರೆ ಕರಗಿ, ಉರಿಯುತ್ತಾ ಮೈಮೇಲೆ ತೊಟ್ಟಿಕ್ಕುತ್ತದೆ. ಅದರ ಹೊಗೆಯೂ ವಿಷ. ಅಡುಗೆಮನೆಗೆ ಬೇಡವೇ ಬೇಡ. ಬಿದಿರು ತಟ್ಟಿಯೂ ಒಲೆ ಹತ್ತಿರ ಬೇಡ. ಜಿಪ್ಸಂ ಹಲಗೆಗೆ ಸುಲಭವಾಗಿ ಬೆಂಕಿ ಹತ್ತದು. ನೀರು ಬಿದ್ದರೆ ಮಾತ್ರ ಕೆಡುತ್ತದೆ. ಸೋರುವ ಕಡೆ ಮೊದಲೇ ಮುಚ್ಚಿಸೋಣ.

ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಕಲ್ನಾರು ಇರುತ್ತದೆ. ಅದನ್ನು ಕೊರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಕೆಲಸದವರು ಡ್ರಿಲ್ ಎತ್ತಿದರೆ ತಡೆಯಿರಿ. ತಂತಿಯನ್ನು ತೊಲೆಗೇ ಕಟ್ಟಲಿ.