ಹಾರುವ ಅಳಿಲಿಗೆ ಕಾಲಕ್ಕೊಂದು ಊಟ

ಇಂಡಿ ತಾಲೂಕಿನ ಲಚ್ಯಾಣದಂತಹ ಬಯಲುಸೀಮೆಯ ಊರಿನ ಸಹೋದರಿಯರಿಗೆ ಇಣಚಿ ಹೊಸದಲ್ಲ. ಒಣಗಲು ಹಾಕಿದ ಶೇಂಗಾ ಎತ್ತಿಕೊಂಡು ಬೇವಿನ ಮರ ಏರುವ ಅದನ್ನು ನೀವು ಎಷ್ಟೋ ಸಲ ಗದರಿಸಿರಬಹುದು. ಅದರ ಬಳಗದಲ್ಲಿ ಹಾರುವ ಅಳಿಲೂ ಇದೆಯೆಂದು ಗೊತ್ತೇ?

ಹಾರುವ ಅಳಿಲಿಗೆ ರೆಕ್ಕೆಯಿಲ್ಲ. ಮುಂಗಾಲಿನಿಂದ ಹಿಂಗಾಲಿನವರೆಗಿನ ತೊಗಲನ್ನು ಅಗಲಿಸಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ಹಗಲು ಹಳೆಯ ಮರದ ಪೊಟರೆಯಲ್ಲಿ ನಿದ್ದೆ, ರಾತ್ರಿ ಆಹಾರದ ಹುಡುಕಾಟ.

ಉತ್ತರ ಅಮೆರಿಕದಲ್ಲಿ ಪೈನ್, ಫರ್‌ನಂತಹ ಸೂಜಿ ಎಲೆಯ ಮರಗಳ ಕಾಡುಗಳಿವೆ. ಅಲ್ಲಿ ಚಳಿಗಾಲವೆಂದರೆ ನೆಲವೆಲ್ಲ ಹಿಮ. ಆದರೂ ಅಲ್ಲಿನ ಹಾರುವ ಅಳಿಲು ಚಳಿಗಾಲವನ್ನು ನಿದ್ದೆಯಲ್ಲೇ ಕಳೆಯುವುದಿಲ್ಲ. ಹಾಗಾದರೆ ಅದರ ಹೊಟ್ಟೆಪಾಡೇನು?

ಬೇಸಿಗೆಯಲ್ಲಿ ಮತ್ತು ಎಲೆ ಉದುರುವ ಕಾಲದಲ್ಲಿ ನೆಲದೊಳಗಿನ ಅಣಬೆಯನ್ನು ವಾಸನೆಯಿಂದಲೇ ಪತ್ತೆ ಹಚ್ಚಿ ಅಗೆದು ತಿನ್ನುತ್ತದೆ. ಹಿಮ ಬಿದ್ದ ಮೇಲೆ ಕೊಂಬೆಗಳಲ್ಲಿ ಕೂದಲಿನಂತೆ ಜೋತುಬಿದ್ದ ಕಲ್ಲುಹೂವಿನ ಜಾತಿಯೇ ಅದಕ್ಕೆ ಆಧಾರ. ಹೌದು, ನೀವು ಬಿರಿಯಾನಿ ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ! ಗೂಡನ್ನು ಬೆಚ್ಚಗಿಡಲೂ ಅದನ್ನೇ ಹಾಸುತ್ತದೆ.

ಇದು ಬರೀ ತಿನ್ನುವ ಪ್ರಾಣಿಯಲ್ಲ. ನೆಲದೊಳಗಿನ ಅಣಬೆಯ ಬೀಜಕಣಗಳನ್ನು ಗಾಳಿ ಒಯ್ಯಲಾರದು. ಅವು ಅಳಿಲಿನ ಹಿಕ್ಕೆಯ ಮೂಲಕ ಕಾಡೆಲ್ಲ ಹರಡುತ್ತವೆ. ಆ ಅಣಬೆಯ ಎಳೆಗಳು ಮರದ ಬೇರಿಗೆ ನೀರು, ಲವಣ ಒದಗಿಸಿದರೆ ಮರ ಅದಕ್ಕೆ ಸಕ್ಕರೆಯಂಶ ಕೊಡುತ್ತದೆ. ಅಳಿಲು ಉಂಡರೆ ಕಾಡಿಗೂ ಲಾಭ.

ನಮ್ಮ ರಾಜ್ಯದಲ್ಲೂ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ದೊಡ್ಡ ಹಾರುವ ಅಳಿಲಿದೆ. ಮಲೆನಾಡಿಗರು ಅದನ್ನು ಹಾರುಬೆಕ್ಕು ಎನ್ನುತ್ತಾರೆ. ಇಲ್ಲಿ ಹಿಮವಿಲ್ಲ, ಊಟವೂ ಬೇರೆ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅತ್ತಿಹಣ್ಣೇ ಅದರ ಮುಖ್ಯ ಆಹಾರವಾಗಿತ್ತು. ಅತ್ತಿಯ ಮತ್ತು ಹಲಸಿನ ಎಲೆಗಳನ್ನೂ ತಿನ್ನುತ್ತಿತ್ತು.

ಇಲ್ಲೊಂದು ಪಾಠವಿದೆ. ಕಾಲಕ್ಕೊಂದು ಊಟ ಬೇಕಾದರೆ ಬಗೆಬಗೆಯ ಮರಗಳು ಬೇಕು. ಮಲಗಲು ಪೊಟರೆಯಿರುವ ಹಳೆಯ ಮರ ಬೇಕು. ಒಂದೇ ಜಾತಿಯ ಎಳೆ ಗಿಡಗಳ ನೆಡುತೋಪು ಹಸಿರಾಗಿ ಕಂಡರೂ ಹಾರುಬೆಕ್ಕಿಗೆ ಅದು ಬರಿದಾದ ಅಡುಗೆಮನೆಯೇ.

ನಮ್ಮ ಬಯಲಿನಲ್ಲಿ ಹಾರುವ ಅಳಿಲಿಲ್ಲ ನಿಜ. ಆದರೆ ಇಣಚಿ, ಗಿಳಿ, ಬಾವಲಿಗಳಿವೆ. ಬೋರೆ ಚಳಿಗಾಲಕ್ಕೆ, ಹುಣಸೆ ಬೇಸಿಗೆಗೆ, ಬೇವು, ನೇರಳೆ ಮುಂಗಾರಿಗೆ ಹಣ್ಣಾಗುತ್ತವೆ. ಅತ್ತಿಯಂತೂ ವರ್ಷದಲ್ಲಿ ಹಲವು ಸಲ ಫಲ ಕೊಡುತ್ತದೆ. ಈ ಮಳೆಗಾಲದಲ್ಲಿ ಹಿತ್ತಲಿಗೋ ಹೊಲದ ಬದುವಿಗೋ ಇವುಗಳಲ್ಲಿ ಒಂದನ್ನಾದರೂ ಮಕ್ಕಳ ಕೈಯಿಂದ ನೆಡಿಸಿ. ಮನೆಯ ಮುಂದಿನ ಹಳೆಯ ಮರ ಕಡಿಯುವ ಮಾತು ಬಂದಾಗ, ಅದನ್ನು ನಂಬಿ ಎಷ್ಟು ಜೀವಗಳು ಉಣ್ಣುತ್ತಿವೆ ಎಂದು ಒಮ್ಮೆ ಲೆಕ್ಕ ಹಾಕಿ.