ಹಳೆಯ ಕಾರು: ಮನೆಯ ಕೆಲಸವೆಷ್ಟು, ಮೇಸ್ತ್ರಿಯ ಕೆಲಸವೆಷ್ಟು?

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆಯನ್ನು ಕೇಳದವರು ವಿರಳ. ಬೇಸಾಯಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಆದರೆ ಮನೆಯ ಮುಂದೆ ನಿಂತಿರುವ ಹಳೆಯ ಕಾರಿಗೂ ಒಪ್ಪುತ್ತದೆಯೇ? ಕಾರು ಕೆಟ್ಟಾಗ ನಾವೇ ಪಾನಾ ಹಿಡಿಯಬೇಕೇ, ಅಥವಾ ಹಣ ಕೊಟ್ಟು ಮೇಸ್ತ್ರಿಯನ್ನು ಕರೆಯಬೇಕೇ? ಈ ಪ್ರಶ್ನೆಗೆ ಅನುಭವದಿಂದ ನಾವು ಕಂಡುಕೊಂಡ ಉತ್ತರವನ್ನು ವಿದ್ಯಾರ್ಥಿಗಳ ಮತ್ತು ಪೋಷಕರ ಮುಂದೆ ಇಡುತ್ತಿದ್ದೇವೆ.

ಹಳೆಯ ಕಾರು ಎಂದೊಡನೆ ನೆನಪಿಗೆ ಬರುವುದು ಅಂಬಾಸಿಡರ್. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಇದು ತಯಾರಾಯಿತು. 1983ರಲ್ಲಿ ಬಂದ ಮಾರುತಿ 800 ಕೂಡ 2014ರಲ್ಲಿಯೇ ನಿಂತಿತು. ಇವುಗಳ ಹಳೆಯ ಮಾದರಿಗಳಲ್ಲಿ ಇಂದಿನ ಕಾರುಗಳಂತೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಇಲ್ಲ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವುದು ಕಾರ್ಬೊರೇಟರ್. ಕಿಡಿಯನ್ನು ಪ್ಲಗ್‌ಗಳಿಗೆ ಸರದಿಯಂತೆ ಹಂಚುವುದು ಡಿಸ್ಟ್ರಿಬ್ಯೂಟರ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಆದ್ದರಿಂದಲೇ ‘ಇದನ್ನು ನಾವೇ ಮಾಡಬಹುದಲ್ಲ’ ಎಂಬ ಆಸೆ ಹುಟ್ಟುತ್ತದೆ. ಈ ಆಸೆ ಅರ್ಧ ಸರಿ, ಅರ್ಧ ಅಪಾಯಕಾರಿ.

ನಮ್ಮ ಆದವಾನಿ, ಆಲೂರು, ಎಮ್ಮಿಗನೂರು ಕಡೆಯ ಹವೆ ಕಾರಿಗೆ ಅನುಕೂಲವಾದುದಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಎರೆಭೂಮಿಯ ಸಣ್ಣ ಧೂಳು ಎಲ್ಲೆಡೆ ನುಗ್ಗುತ್ತದೆ. ಹತ್ತಿ ಬರುವ ಕಾಲದಲ್ಲಿ ಜಿನ್ನಿಂಗ್ ಮಿಲ್ಲುಗಳ ಸುತ್ತ ಹಾರುವ ಎಳೆಗಳು ರೇಡಿಯೇಟರಿನ ಸಂದುಗಳಲ್ಲಿ ಕೂತು ಗಾಳಿಯನ್ನು ತಡೆಯುತ್ತವೆ. ಗಾಳಿ ಆಡದಿದ್ದರೆ ನೀರು ಆರದು. ನೀರು ಆರದಿದ್ದರೆ ಎಂಜಿನ್ ಕಾಯುತ್ತದೆ. ಇದಕ್ಕೆ ಮೇಸ್ತ್ರಿ ಬೇಕಿಲ್ಲ. ತಣ್ಣಗಿರುವ ರೇಡಿಯೇಟರಿನ ಸಂದುಗಳನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿ ಏರ್ ಫಿಲ್ಟರಿನ ಧೂಳು ಕೊಡವಿದರೆ ಸಾಕು.

ಹೀಗೆ ಮನೆಯಲ್ಲೇ ಮಾಡಬೇಕಾದ ಕೆಲಸಗಳು ಹಲವು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಆಯಿಲ್ ಅಳೆಯುವ ಕಡ್ಡಿಯನ್ನು ತೆಗೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಅದು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿರಬಹುದು. ಆಗ ಕಾರು ಓಡಿಸದೆ ಮೇಸ್ತ್ರಿಗೆ ಹೇಳಬೇಕು. ರೇಡಿಯೇಟರಿಗೆ ಬೋರಿನ ಉಪ್ಪುನೀರು ಹಾಕಿದರೆ, ನೀರು ಕಾಯಿಸುವ ಪಾತ್ರೆಯಲ್ಲಿ ಕಟ್ಟುವಂತೆಯೇ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಬಿಸಿಯಾಗಿರುವಾಗ ಅದರ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡ ಹೆಚ್ಚಿದರೆ ಕುದಿಯುವ ಬಿಂದು ಏರುತ್ತದೆಂದು ವಿಜ್ಞಾನದ ಪಾಠದಲ್ಲಿ ಓದುತ್ತೇವೆ. ಮುಚ್ಚಳದ ಒಳಗೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಟೈರಿನ ಗಾಳಿ, ಬ್ಯಾಟರಿಯ ಡಿಸ್ಟಿಲ್ಡ್ ವಾಟರ್, ಫ್ಯಾನ್ ಬೆಲ್ಟಿನ ಬಿರುಕು, ದೀಪಗಳು, ಕಾರಿನ ಕೆಳಗೆ ನೆಲದ ಮೇಲೆ ಬಿದ್ದ ಕಲೆ, ಇವಿಷ್ಟನ್ನು ವಾರಕ್ಕೊಮ್ಮೆ ನೋಡುವುದಕ್ಕೆ ಅರ್ಧ ಗಂಟೆ ಸಾಕು.

ನೋಡುವುದು ಬೇರೆ, ಬಿಚ್ಚುವುದು ಬೇರೆ. ಇದನ್ನು ನಾವು ನಷ್ಟ ಮಾಡಿಕೊಂಡೇ ಕಲಿತೆವು. ಒಂದು ದಿನ ನಮ್ಮ ಮನೆಯ ಅಂಬಾಸಿಡರ್ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲ್ ಬರುತ್ತಿಲ್ಲವೆಂದು ನಾವೇ ತೀರ್ಮಾನಿಸಿ ಕಾರ್ಬೊರೇಟರ್ ಬಿಚ್ಚಿದೆವು. ಅದರ ಸಣ್ಣ ಹಿತ್ತಾಳೆಯ ಜೆಟ್ ಒಂದು ಅಂಗಳದ ಧೂಳಿನಲ್ಲಿ ಬಿದ್ದು ಕಳೆದುಹೋಯಿತು. ಸಂಜೆ ಬಂದ ಮೇಸ್ತ್ರಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಕೀಲಿ ತಿರುಗಿಸಿದಾಗ ಎಂಜಿನ್ ಸುತ್ತಿತೋ, ಬರೀ ಟಕ್ ಅಂತೋ?” ಬರೀ ಟಕ್ ಎಂದಿತ್ತು. ಅವರು ಬ್ಯಾಟರಿಯ ಟರ್ಮಿನಲ್ ಅಲುಗಿಸಿ ತೋರಿಸಿದರು. ಬಿಳಿಯ ಪುಡಿ ಕಟ್ಟಿ ಅದು ಸಡಿಲವಾಗಿತ್ತು. ಎಂಜಿನ್ ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲನ್ನೋ ಕಿಡಿಯನ್ನೋ ನೋಡಬೇಕು. ಸುತ್ತದೆಯೇ ಇದ್ದರೆ ಮೊದಲು ಬ್ಯಾಟರಿಯನ್ನು ನೋಡಬೇಕು. ರೋಗ ಒಂದು ಕಡೆ, ಚಿಕಿತ್ಸೆ ಇನ್ನೊಂದು ಕಡೆ ಆಗಿತ್ತು. ಕಳೆದುಹೋದ ಜೆಟ್ಟನ್ನು ಬಳ್ಳಾರಿಯಿಂದ ತರಿಸಬೇಕಾಯಿತು. ಮೇಸ್ತ್ರಿಗೆ ಕೊಡುವ ಹಣ ಕೇವಲ ಪಾನಾ ತಿರುಗಿಸುವುದಕ್ಕಲ್ಲ, ಎಲ್ಲಿ ತಿರುಗಿಸಬೇಕೆಂಬ ತಿಳಿವಿಗೆ ಎಂದು ಅಂದು ಅರ್ಥವಾಯಿತು.

ಇದು ಹಣದ ನಷ್ಟ ಮಾತ್ರ. ಎರಡನೆಯ ತಪ್ಪು ಜೀವಕ್ಕೇ ಬರುವುದರಲ್ಲಿತ್ತು. ಹಿಂದಿನ ಚಕ್ರದ ಬ್ರೇಕಿನಲ್ಲಿ ಎಣ್ಣೆ ಸೋರುತ್ತಿತ್ತು. ಕೂಲಿ ಉಳಿಸೋಣವೆಂದು ರಬ್ಬರುಗಳನ್ನು ತಂದು ನಾವೇ ಬದಲಾಯಿಸಿ ಬ್ರೇಕ್ ಎಣ್ಣೆ ತುಂಬಿದೆವು. ಮನೆಯ ಮುಂದೆ ಮೆಲ್ಲಗೆ ಓಡಿಸಿ ನೋಡಿದಾಗ ಕಾರು ನಿಂತಿತು. ಅದನ್ನೇ ನಂಬಿ, ಮಕ್ಕಳನ್ನು ಕೂರಿಸಿಕೊಂಡು ಸಿರುಗುಪ್ಪದ ದಾರಿ ಹಿಡಿದೆವು. ಊರು ದಾಟಿದ ಮೇಲೆ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂತು. ಪೆಡಲ್ ಒತ್ತಿದರೆ ಅದು ನೆಲದವರೆಗೂ ಇಳಿಯಿತು, ಕಾರು ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಇಳಿಸಿ, ರಸ್ತೆಯ ಪಕ್ಕದ ಜಾಲಿಯ ಪೊದೆಗೆ ಕಾರನ್ನು ತಿರುಗಿಸಿದೆವು. ಕುರಿಗಳೂ ಮಕ್ಕಳೂ ಉಳಿದದ್ದು ನಮ್ಮ ಪುಣ್ಯ.

ಕಾರಣ ಸರಳ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಪಾಸ್ಕಲನ ನಿಯಮ. ಕಾಲಿನ ಒತ್ತಡ ನಾಲ್ಕು ಚಕ್ರಗಳಿಗೆ ತಲುಪುವುದು ಹೀಗೆಯೇ. ಆದರೆ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದಿದ್ದರೆ, ನಮ್ಮ ಬಲವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಒಬ್ಬರು ಪೆಡಲ್ ಒತ್ತುತ್ತಿರಲು ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವವರೆಗೂ ಗಾಳಿಯನ್ನು ಹೊರಹಾಕಬೇಕು. ನಾವು ಆ ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದೆವು. ಮೇಸ್ತ್ರಿ ನಮ್ಮನ್ನು ಬೈಯಲಿಲ್ಲ. “ಸಾರ್, ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತೆ, ಬ್ರೇಕ್ ಕೆಟ್ಟರೆ ನಿಲ್ಲೋದಿಲ್ಲ” ಎಂದಷ್ಟೇ ಹೇಳಿದರು.

ಆ ಮಾತನ್ನೇ ಈಗ ನಾವು ನಿಯಮವಾಗಿ ಇಟ್ಟುಕೊಂಡಿದ್ದೇವೆ. ತಪ್ಪಾದರೆ ಕಾರು ಮನೆಯಲ್ಲೇ ನಿಲ್ಲುವಂಥ ಸಣ್ಣ ಕೆಲಸ ನಮ್ಮದು. ತಪ್ಪಾದರೆ ದಾರಿಯಲ್ಲಿ ಪ್ರಾಣ ಹೋಗುವಂಥ ಬ್ರೇಕ್, ಸ್ಟೀರಿಂಗ್, ಚಕ್ರದ ಬೇರಿಂಗ್, ಪೆಟ್ರೋಲ್ ಕೊಳವೆಗಳ ಕೆಲಸ ಮೇಸ್ತ್ರಿಯದು. ಮನೆಯ ಕೆಲಸದಲ್ಲೂ ಎಚ್ಚರ ಬೇಕು. ಜಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಕೆಳಗೆ ನುಗ್ಗಬಾರದು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ತಿಳಿಯದಂತೆಯೇ ಕೊಲ್ಲುತ್ತದೆ. ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಷೆಡ್ಡಿಗೆ ಕೊಡಬೇಕು.

ಮೇಸ್ತ್ರಿಗೆ ಕೊಟ್ಟೆವೆಂದು ಕಣ್ಣು ಮುಚ್ಚಿ ಕೂರುವುದೂ ಸರಿಯಲ್ಲ. ಯಾವ ಸದ್ದು, ಯಾವಾಗ, ಎಷ್ಟು ವೇಗದಲ್ಲಿ ಎಂದು ವಿವರವಾಗಿ ಹೇಳಬೇಕು. ಕನ್ನಡ, ತೆಲುಗು, ಉರ್ದು ಮೂರನ್ನೂ ಬೆರೆಸಿ ಮಾತನಾಡುವ ನಮ್ಮ ಊರಿನ ಮೇಸ್ತ್ರಿಗಳು ಕೇಳಿದರೆ ಬೇಸರಿಸದೆ ವಿವರಿಸುತ್ತಾರೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ನೋಡಬೇಕು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾದ್ದರಿಂದ, ಮಾಡಿಸಿದ ಕೆಲಸದ ಲೆಕ್ಕ ಇದ್ದರೆ ಒಳ್ಳೆಯದು. ನಮ್ಮ ಮನೆಯಲ್ಲಿ ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ, ಖರ್ಚು ಎಂದು ನಾಲ್ಕು ಗೆರೆ ಎಳೆದ ಪುಸ್ತಕವನ್ನು ಒಂಬತ್ತನೆಯ ತರಗತಿಯ ಮಗಳು ಬರೆದಿಡುತ್ತಾಳೆ. ಕಾರಿನ ರೋಗವನ್ನು ಈಗ ನಮಗಿಂತ ಮೊದಲು ಅವಳೇ ಕಂಡುಹಿಡಿಯುತ್ತಾಳೆ.

ವಿದ್ಯಾರ್ಥಿಗಳೇ, ಕೈಗೆ ಗ್ರೀಸ್ ಹತ್ತುವ ಕೆಲಸವನ್ನು ಕೀಳೆಂದು ತಿಳಿಯಬೇಡಿ. ಪುಸ್ತಕದಲ್ಲಿ ಓದುವ ಪಾಸ್ಕಲನ ನಿಯಮವನ್ನು ಮೇಸ್ತ್ರಿ ದಿನವೂ ಬೆರಳ ತುದಿಯಲ್ಲಿ ನಡೆಸುತ್ತಾರೆ. ಆಸಕ್ತಿಯುಳ್ಳವರು ಮುಂದೆ ಐ.ಟಿ.ಐ.ನಲ್ಲಿ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ತರಬೇತಿ ಪಡೆಯಬಹುದು. ಇನ್ನು ಆ ಗಾದೆಯ ಮಾತು: ನೋಡಿಕೊಳ್ಳುವುದರಲ್ಲಿ ತಾನು ಮಾಡಿದ್ದೇ ಉತ್ತಮ. ಬ್ರೇಕಿನ ವಿಷಯದಲ್ಲಿ ಮಾತ್ರ ಬಲ್ಲವರು ಮಾಡಿದ್ದೇ ಉತ್ತಮ.