ಅಗಿಯುವಾಗ ಕಿವಿ ಹತ್ತಿರ 'ಟಕ್' ಅನ್ನುತ್ತಾ? ದವಡೆ ಕೀಲಿನ ಬಗ್ಗೆ ತಿಳಿಯೋಣ



ಕಾರ್ತಿಕ ಮಾಸದ ಕಡೇ ಸೋಮವಾರ ಬಂತೆಂದರೆ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಕಡಲೆಕಾಯಿ ಪರಿಷೆ. ಪಕ್ಕದ ಎನ್.ಆರ್. ಕಾಲೋನಿಯ ಮನೆಗಳಲ್ಲೂ ಆಗ ಕಡಲೆಕಾಯಿಯದೇ ಕಾರುಬಾರು. ಪರಿಷೆ ಮುಗಿದ ವಾರ ಅಲ್ಲಿನ ಸಂಘದ ಸಭೆಗೆ ನಾವು ಹೋಗಿದ್ದಾಗ ಹುರಿದ ಕಡಲೆಕಾಯಿ ಸುತ್ತು ಬಂತು. ಒಬ್ಬ ಸದಸ್ಯೆ ಮಾತ್ರ ಕೈ ಚಾಚಲಿಲ್ಲ. "ಬೇಡ ಅಕ್ಕ, ಅಗಿದ್ರೆ ಕಿವಿ ಹತ್ರ ಟಕ್ ಅನ್ನುತ್ತೆ, ರಾತ್ರಿಯೆಲ್ಲ ನೋವು" ಎಂದರು.

ವಿಚಾರಿಸಿದಾಗ ಅವರ ಕಷ್ಟ ತಿಳಿಯಿತು. ಮೊದಲು ಕಿವಿ ನೋವೆಂದು ಎಣ್ಣೆ ಬಿಟ್ಟುಕೊಂಡರು. ಆಮೇಲೆ ಹಲ್ಲು ನೋವಿರಬೇಕೆಂದು ಸಂಘದಲ್ಲಿ ಸಾಲ ತೆಗೆದು ಒಂದು ದವಡೆ ಹಲ್ಲು ಕೀಳಿಸಿದರು. ಹಲ್ಲು ಹೋಯಿತು, ನೋವು ಹೋಗಲಿಲ್ಲ, ಸಾಲದ ಕಂತು ಉಳಿಯಿತು. ಅವರ ನೋವು ಇದ್ದದ್ದು ಕಿವಿಯಲ್ಲೂ ಅಲ್ಲ, ಹಲ್ಲಿನಲ್ಲೂ ಅಲ್ಲ, ದವಡೆಯ ಕೀಲಿನಲ್ಲಿ. ಮಂಡಿ, ಮೊಣಕೈಗೆ ಕೀಲಿದೆ ಅಂತ ನಮಗೆಲ್ಲ ಗೊತ್ತು. ದವಡೆಗೂ ಕೀಲಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಕೀಲು ಎಲ್ಲಿದೆ?

ಎರಡು ಕಿವಿಗಳ ಮುಂದೆ ಒಂದೊಂದು ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಏನೋ ಜಾರಿದಂತೆ ಆಗುತ್ತದಲ್ಲವೇ? ಅದೇ ದವಡೆ ಕೀಲು. ಕೆಳದವಡೆ ಕುದುರೆ ಲಾಳದ ಆಕಾರದ ಒಂದೇ ಮೂಳೆ. ಅದರ ಎರಡು ತುದಿಗಳಲ್ಲಿ ಗುಂಡಗಿನ ತಲೆಗಳಿವೆ. ಇವು ತಲೆಬುರುಡೆಯಲ್ಲಿ ಕಿವಿಯ ಮುಂದಿರುವ ಕುಳಿಗಳಲ್ಲಿ ಕೂರುತ್ತವೆ. ಮೂಳೆಗೆ ಮೂಳೆ ಉಜ್ಜದಂತೆ ನಡುವೆ ಒಂದು ತೆಳು ಮೆತ್ತೆ ಇದೆ, ಜಾರಲು ಎಣ್ಣೆಯಂಥ ದ್ರವವೂ ಇದೆ. ಕೀಲು ಕಿವಿಗೆ ಅಂಟಿಕೊಂಡಂತೆ ಇರುವುದರಿಂದಲೇ ಅದರ ನೋವು ಕಿವಿ ನೋವಿನ ಹಾಗೆ ಕಾಣುತ್ತದೆ.

ಹೇಗೆ ಕೆಲಸ ಮಾಡುತ್ತದೆ?

ಬಾಯಿ ಸ್ವಲ್ಪ ತೆರೆದಾಗ ಆ ಗುಂಡು ತಲೆ ಕುಳಿಯೊಳಗೇ ಬಾಗಿಲಿನ ಹಾಗೆ ತಿರುಗುತ್ತದೆ. ಇನ್ನೂ ಅಗಲ ತೆರೆದರೆ ಮೆತ್ತೆಯ ಸಮೇತ ಮೇಜಿನ ಡ್ರಾಯರ್‌ನಂತೆ ಮುಂದಕ್ಕೆ ಜಾರುತ್ತದೆ. ತಿರುಗುವುದು, ಜಾರುವುದು ಎರಡೂ ಸೇರಿದರೇನೇ ಬಾಯಿ ಪೂರ್ತಿ ತೆರೆಯುವುದು. ಮೂಳೆ ಒಂದೇ ಆದ್ದರಿಂದ ಎರಡು ಕೀಲುಗಳೂ ಒಂದು ನೊಗಕ್ಕೆ ಕಟ್ಟಿದ ಎತ್ತುಗಳಂತೆ. ಒಂದು ಕುಂಟಿದರೆ ಇನ್ನೊಂದಕ್ಕೂ ಭಾರ. ಕೆನ್ನೆಯಲ್ಲಿ, ಕಣತಲೆಯಲ್ಲಿ ಇರುವ ಸ್ನಾಯುಗಳು ಕಚ್ಚಲು, ಅಗಿಯಲು ಬಲ ಕೊಡುತ್ತವೆ. ಹಲ್ಲು ಕಚ್ಚಿ ಹಿಡಿದರೆ ಕಣತಲೆ ಉಬ್ಬುವುದನ್ನು ಕೈಯಿಟ್ಟು ನೋಡಬಹುದು. ಈ ಸ್ನಾಯು ದಣಿದರೆ ತಲೆನೋವೂ ಬರುತ್ತದೆ.

'ಟಕ್' ಶಬ್ದ ಯಾಕೆ?

ಮೆತ್ತೆ ತನ್ನ ಜಾಗದಿಂದ ಸ್ವಲ್ಪ ಮುಂದೆ ಸರಿದಿದ್ದರೆ, ಬಾಯಿ ತೆರೆಯುವಾಗ ಗುಂಡು ತಲೆ ಅದರ ಮೇಲೆ ಹಾರಿ ಕೂರುತ್ತದೆ. ಆಗ 'ಟಕ್' ಎನ್ನುತ್ತದೆ. ನೋವಿಲ್ಲದೆ, ಬಾಯಿ ಸಲೀಸಾಗಿ ತೆರೆಯುತ್ತಿದ್ದರೆ ಬರೀ ಶಬ್ದಕ್ಕೆ ಹೆದರಬೇಕಾಗಿಲ್ಲ. ನೋವು ಸೇರಿದರೆ ಅಥವಾ ಬಾಯಿ ಹಿಡಿದುಕೊಂಡರೆ ಗಮನ ಕೊಡಬೇಕು.

ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಚಿಂತೆ ಇದ್ದಾಗ ಹಲ್ಲು ಕಚ್ಚಿ ಹಿಡಿಯುವುದು, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಒಂದೇ ಪಕ್ಕದಲ್ಲಿ ಅಗಿಯುವುದು ಕೀಲಿಗೆ ಭಾರ. ಟೈಲರಿಂಗ್ ಮಾಡುವವರೂ ಹೂ ಕಟ್ಟುವವರೂ ದಾರವನ್ನು ಹಲ್ಲಲ್ಲಿ ಕಡಿಯುವ ಅಭ್ಯಾಸ ಬಿಡಬೇಕು. ಹತ್ತು ರೂಪಾಯಿ ಕತ್ತರಿ ಮಾಡುವ ಕೆಲಸಕ್ಕೆ ದವಡೆ ಯಾಕೆ ಸವೆಸಬೇಕು?

ಮೂರು ಬೆರಳಿನ ಪರೀಕ್ಷೆ

ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ. ದೊಡ್ಡವರ ಬಾಯಿ ಸಾಮಾನ್ಯವಾಗಿ ಮೂರೂವರೆಯಿಂದ ಐದು ಸೆಂಟಿಮೀಟರ್ ತೆರೆಯುತ್ತದೆ. ಮೂರು ಬೆರಳು ಹಿಡಿಸದಿದ್ದರೆ ಡಾಕ್ಟರಿಗೆ ತೋರಿಸಿ.

ಅಡಿಕೆ ಜಗಿಯುವವರು ಈ ಪರೀಕ್ಷೆಯನ್ನು ತಪ್ಪದೆ ಮಾಡಿ. ಅಡಿಕೆಯಿಂದ ಕೆನ್ನೆಯ ಒಳಚರ್ಮ ನಾರುಗಟ್ಟಿ, ಕೀಲು ಸರಿಯಿದ್ದರೂ ಬಾಯಿ ತೆರೆಯದಂತಾಗುತ್ತದೆ. ಮುಂದೆ ಅದು ಕ್ಯಾನ್ಸರ್ ಆಗುವ ಸಂಭವವೂ ಇದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯಿಂದಲೂ ಈ ರೋಗ ಬರುತ್ತದೆ ಎಂಬುದನ್ನು ಮನೆಯ ಗಂಡಸರಿಗೂ ಹೇಳಿ.

ಮನೆಯಲ್ಲೇ ಏನು ಮಾಡಬಹುದು?

- ಕೆಲವು ವಾರ ಮೆತ್ತಗಿನ ಊಟ ಮಾಡಿ. ಮುದ್ದೆ ಒಳ್ಳೆಯದು, ಅದನ್ನು ಅಗಿಯೋದಲ್ಲ, ನುಂಗೋದು ತಾನೇ!
- ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ದಿನಕ್ಕೆರಡು ಸಲ ಹತ್ತು ನಿಮಿಷ ಕೆನ್ನೆಗೆ ಶಾಖ ಕೊಡಿ.
- ಆಕಳಿಕೆ ಬಂದಾಗ ಗದ್ದಕ್ಕೆ ಕೈ ಆನಿಸಿ.
- "ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ" ಎಂಬುದನ್ನು ನೆನಪಿಡಿ. ಸುಮ್ಮನಿದ್ದಾಗ ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಬಾರದು.

ಹೆಚ್ಚಿನವರಿಗೆ ಇಷ್ಟರಿಂದಲೇ ನೋವು ಇಳಿಯುತ್ತದೆ.

ತಡ ಮಾಡಬಾರದ್ದು ಯಾವಾಗ?

ಆಕಳಿಸಿದಾಗ ಬಾಯಿ ತೆರೆದೇ ಉಳಿದರೆ ಕೀಲು ಜಾರಿದೆ ಎಂದರ್ಥ. ಮನೆಯಲ್ಲಿ ಯಾರೂ ಹೊಡೆದು, ಒತ್ತಿ ಸರಿಮಾಡಲು ಹೋಗಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಹೃದಯದ್ದಿರಬಹುದು. ಒಂದು ನಿಮಿಷವೂ ಕಾಯಬೇಡಿ.

ಇನ್ನೊಂದು ಮುಖ್ಯ ಮಾತು ಮಕ್ಕಳದ್ದು. ಮಗು ಬಿದ್ದು ಗದ್ದ ಒಡೆದುಕೊಂಡರೆ ಹೊಲಿಗೆ ಹಾಕಿಸಿ ಮರೆತುಬಿಡುತ್ತೇವೆ. ಗದ್ದಕ್ಕೆ ಬಿದ್ದ ಪೆಟ್ಟು ಕಿವಿ ಹತ್ತಿರದ ಕೀಲನ್ನು ಮುರಿದಿರಬಹುದು. ಗಮನಿಸದಿದ್ದರೆ ಮೂಳೆಗೆ ಮೂಳೆ ಬೆಸೆದು ಬಾಯಿ ತೆರೆಯದಂತಾಗುತ್ತದೆ, ದವಡೆ ಬೆಳೆಯದೆ ಮುಖವೂ ಸೊಟ್ಟಗಾಗುತ್ತದೆ. ಹೊಲಿಗೆ ಹಾಕಿಸುವಾಗಲೇ "ಕೀಲನ್ನೂ ನೋಡಿ ಡಾಕ್ಟ್ರೇ" ಎಂದು ಕೇಳಿ.

ತೋರಿಸಲು ದೂರ ಹೋಗಬೇಕಿಲ್ಲ. ಕೆ.ಆರ್. ಮಾರ್ಕೆಟ್ ಹತ್ತಿರ ಕೋಟೆ ಪ್ರದೇಶದಲ್ಲಿ ಸರ್ಕಾರಿ ದಂತ ಕಾಲೇಜು ಆಸ್ಪತ್ರೆ ಇದೆ. ವಿ.ವಿ. ಪುರಂನ ಕೆ.ಆರ್. ರಸ್ತೆಯಲ್ಲಿ ಒಕ್ಕಲಿಗರ ಸಂಘದ ದಂತ ಕಾಲೇಜು ಇದೆ. "ಹಲ್ಲು ಕೀಳಿ" ಎಂದು ಕೇಳುವ ಮೊದಲು "ಹಲ್ಲಿನದೋ, ಕೀಲಿನದೋ ನೋಡಿ ಹೇಳಿ" ಎಂದು ಕೇಳಿ. ಈ ಒಂದು ಪ್ರಶ್ನೆ ಒಂದು ಹಲ್ಲನ್ನೂ ಒಂದು ಸಾಲವನ್ನೂ ಉಳಿಸಬಲ್ಲದು.

ಮುಂದಿನ ಸಭೆಯಲ್ಲಿ ಮಾಡಿ

1. ಎಲ್ಲ ಸದಸ್ಯೆಯರೂ ಮೂರು ಬೆರಳಿನ ಪರೀಕ್ಷೆ ಮಾಡಿಕೊಳ್ಳಿ.
2. ಹಲ್ಲಲ್ಲಿ ದಾರ ಕಡಿಯುವವರು, ಅಡಿಕೆ ಜಗಿಯುವವರು ಎಷ್ಟು ಜನ? ಬಿಡುವುದು ಹೇಗೆ ಎಂದು ಮಾತಾಡಿ.
3. ಯಾರ ಮನೆಯಲ್ಲಾದರೂ ಗದ್ದಕ್ಕೆ ಪೆಟ್ಟಾದ ಮಗು ಇದೆಯೇ? ಅದರ ಬಾಯಿ ಪೂರ್ತಿ ತೆರೆಯುತ್ತದೆಯೇ ನೋಡಿ.